ಗೋಚರ್ಮ ಅಂದರೆ ಎಷ್ಟು ನೆಲ?

ತಾಮ್ರಶಾಸನಗಳ ಕೊನೆಗೆ ಬರುವ ದಾನಶ್ಲೋಕಗಳನ್ನು ನಮ್ಮಲ್ಲಿ ಬಹಳ ಜನ ಓದದೇ ದಾಟಿಬಿಡ್ತಾರೆ. ರಾಜ, ತಿಥಿ, ಊರು ಸಿಕ್ಕರೆ ಸಾಕು. ಆ ರಾಶಿಯಲ್ಲಿ ಒಂದು ಶ್ಲೋಕ ಉಂಟು. ಪಾಪ ಮಾಡಿದವನು 'ಗೋಚರ್ಮ'ದಷ್ಟು ಭೂಮಿ ಕೊಟ್ಟರೂ ಶುದ್ಧನಾಗುತ್ತಾನೆ ಎಂಬುದು ಅದರ ತಾತ್ಪರ್ಯ. ಗೋಚರ್ಮ ಅಂದರೆ ದನದ ತೊಗಲು. ಹಾಗಾದರೆ ತೊಗಲಿನಷ್ಟು ನೆಲ ಎಷ್ಟು?

ಸ್ಮೃತಿಕಾರರೇ ಒಮ್ಮತಕ್ಕೆ ಬಂದಿಲ್ಲ. ಒಬ್ಬನಿಗೆ ವರ್ಷವಿಡೀ ಊಟಕ್ಕಾಗುವಷ್ಟು ಬೆಳೆ ಕೊಡುವ ನೆಲ ಅಂತ ವಿಷ್ಣುಸ್ಮೃತಿ ಹೇಳುತ್ತದೆ. ದನಗಳು ಹೋರಿಯ ಸಮೇತ ಇಕ್ಕಟ್ಟಿಲ್ಲದೆ ನಿಲ್ಲುವ ಜಾಗದ ಲೆಕ್ಕದಲ್ಲಿ ಇನ್ನು ಕೆಲವರು ಹೇಳ್ತಾರೆ. ಮೂರನೆಯದು ಅಳತೆಗೋಲಿನ ಲೆಕ್ಕ: 30 ದಂಡ ಉದ್ದಗಲದ ಚೌಕ ಒಂದು ನಿವರ್ತನ, 10 ನಿವರ್ತನ ಒಂದು ಗೋಚರ್ಮ. ದಂಡಕ್ಕೆ 7 ಮೊಳ ಅಂತ ಒಂದು ಪಾಠ, 10 ಅಂತ ಇನ್ನೊಂದು. ಮೊಳಕ್ಕೆ ಒಂದೂವರೆ ಅಡಿ ಹಿಡಿದರೆ ಮೊದಲನೆಯದು ಸುಮಾರು 23 ಎಕರೆ, ಎರಡನೆಯದು 46 ಎಕರೆಗೂ ಮೇಲೆ.

ತೊಗಲನ್ನು ಸಣ್ಣ ಪಟ್ಟಿಯಾಗಿ ಕೊಯ್ದು, ಅದು ಸುತ್ತುವರಿಯುವಷ್ಟು ನೆಲ ಅಂತ ಅರ್ಥ ಮಾಡುವವರೂ ಇದ್ದಾರೆ. ಕಾರ್ಥೇಜ್ ನಗರ ಕಟ್ಟಿದ ರಾಣಿ ಡೈಡೋಳ ಕಥೆಯೂ ಇದೇ. ಎಂಜಿನಿಯರ್ ಬುದ್ಧಿ ಸುಮ್ಮನಿರಬೇಕಲ್ಲ, ಲೆಕ್ಕ ಹಾಕಿದೆ. ದೊಡ್ಡ ದನದ ತೊಗಲು 3 ಚದರ ಮೀಟರ್ ಎನ್ನೋಣ. 3 ಮಿಲಿಮೀಟರ್ ಅಗಲದ ಪಟ್ಟಿ ಮಾಡಿದರೆ ಉದ್ದ 1,000 ಮೀಟರ್. ಅದನ್ನು ವೃತ್ತಾಕಾರವಾಗಿ ಹಾಸಿದರೆ ಒಳಗಿನ ನೆಲ ಸುಮಾರು 20 ಎಕರೆ! ನಮ್ಮ ಮಲೆನಾಡು ಗಿಡ್ಡದ್ದು 2 ಚದರ ಮೀಟರ್ ಅಂದುಕೊಂಡರೆ 9 ಎಕರೆಯ ಹತ್ತಿರ. 23 ಮತ್ತು 20 ಹತ್ತಿರ ಬಂದದ್ದು ಪುರಾವೆ ಅಲ್ಲ; ಪಟ್ಟಿಯ ಅಗಲ ನಾನು ಆರಿಸಿಕೊಂಡದ್ದು. ಆದರೆ ತೊಗಲಿನಿಂದ ಅಷ್ಟು ನೆಲ ಅಳೆಯುವುದು ಅಸಾಧ್ಯವೇನಲ್ಲ ಅನ್ನುವುದಂತೂ ಗೊತ್ತಾಯಿತು.

ಗೋಚರ್ಮ ಬರೀ ಅಳತೆಯ ಹೆಸರೂ ಅಲ್ಲ. ಆಶ್ವಲಾಯನ ಗೃಹ್ಯಸೂತ್ರದ ಪ್ರಕಾರ ಮದುವೆಯಾದ ಹೆಣ್ಣು ಗಂಡನ ಮನೆಗೆ ಬಂದಾಗ ಅಗ್ನಿಯ ಹಿಂದೆ ಎತ್ತಿನ ತೊಗಲನ್ನು, ಕುತ್ತಿಗೆ ಪೂರ್ವಕ್ಕೆ, ಕೂದಲು ಮೇಲಕ್ಕೆ ಬರುವಂತೆ ಹಾಸಿ ಕೂರಿಸಬೇಕು. ಸೋಮರಸ ಹಿಂಡುವಾಗ ಕಲ್ಲಿನ ಕೆಳಗೂ ಎತ್ತಿನ ತೊಗಲೇ. ಮದುವೆಯ ತೊಗಲಿಗೆ ಕೂದಲು ಇರಲೇಬೇಕು. ಅದನ್ನು ಉಳಿಸುವವರು ಯಾರು?

ಕೂದಲು ತೆಗೆಯುವುದು ಸುಲಭ, ಉಳಿಸುವುದೇ ಕಷ್ಟ. 1800ರಲ್ಲಿ ಬೆಂಗಳೂರಿಗೆ ಬಂದ ಫ್ರಾನ್ಸಿಸ್ ಬುಕಾನನ್ ಅಲ್ಲಿನ ಮಾದಿಗರ ಹದಗಾರಿಕೆಯನ್ನು ಬರೆದಿಟ್ಟಿದ್ದಾನೆ. ಕುರಿ, ಆಡಿನ ತೊಗಲಿಗೆ ಎಕ್ಕದ ಹಾಲು, ಉಪ್ಪು, ರಾಗಿ ಕಲಸಿ ಬಳಿದು ಬಿಸಿಲಿಗೆ ಹಾಕಿ ಕೂದಲು ಕಳಚುತ್ತಿದ್ದರು. ಆಮೇಲೆ ಅಳಲೆಕಾಯಿ ಪುಡಿಯ ನೀರಲ್ಲಿ ನೆನೆಸುತ್ತಿದ್ದರು. ಕೂದಲು ಬೇಕಾದರೆ ಎಕ್ಕ, ಸುಣ್ಣ ಎರಡೂ ದೂರ. ಸುಲಿದ ಕೆಲವೇ ಗಂಟೆಯೊಳಗೆ ಒಳಮೈಗೆ ಧಾರಾಳವಾಗಿ ಉಪ್ಪು ತಿಕ್ಕಬೇಕು, ಇಲ್ಲದಿದ್ದರೆ ಬುಡ ಕೊಳೆತು ಕೂದಲು ಹಿಡಿ ಹಿಡಿಯಾಗಿ ಬರುತ್ತದೆ. ಮಾಂಸ, ಕೊಬ್ಬು ಒಂದು ಎಳೆ ಉಳಿಯದಂತೆ ಹೆರೆಯಬೇಕು. ಕೂದಲಿನ ಕಡೆಯಿಂದ ಹದದ ನೀರು ಸರಿಯಾಗಿ ಇಳಿಯುವುದಿಲ್ಲ. ಆದ್ದರಿಂದ ದಪ್ಪ ದನದ ತೊಗಲನ್ನು ತೆಳ್ಳಗೆ ಮಾಡಿ, ತೆಳು ನೀರಿನಿಂದ ಗಟ್ಟಿ ನೀರಿಗೆ ದಾಟಿಸುತ್ತ ವಾರಗಟ್ಟಲೆ ಕಾಯಬೇಕು. ಕೊನೆಗೆ ಎಣ್ಣೆ ಹಚ್ಚಿ, ಒಣಗುತ್ತಿರುವಾಗಲೇ ಎಳೆದು ತಿಕ್ಕಿ ಮೆತ್ತಗೆ ಮಾಡಬೇಕು. ಪಟಿಕದ ಹದ ಬೇಗ ಆಗುತ್ತದೆ, ಆದರೆ ನೀರು ಬಿದ್ದರೆ ತೊಳೆದುಹೋಗುತ್ತದೆ. ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಸುರಿಯುವ ಹೊನ್ನಾವರದ ಕಡೆ ಅದು ನಿಲ್ಲುವ ಹದವಲ್ಲ.

ಅಪ್ಸರಕೊಂಡದ ದಿಬ್ಬದ ಮೇಲೆ ನಿಂತು ನೋಡಿ. ಬೇಕಾದ್ದೆಲ್ಲ ಸುತ್ತಲೇ ಉಂಟು: ಕುಮಟಾ ತಾಲೂಕಿನ ಸಾಣಿಕಟ್ಟಾದ ಉಪ್ಪು, ಘಟ್ಟದ ಅಣಲೆಕಾಯಿ, ಅಬ್ಬಿಯ ಸಿಹಿನೀರು. 19ನೇ ಶತಮಾನದಲ್ಲಿ ಇದೇ ಕೆನರಾ ಕಾಡಿನ ಅಣಲೆ ಪರದೇಶದ ಹದಗಾರರಿಗೆ ಹೋಗುವ ಸರಕಾಗಿತ್ತು. ಇವತ್ತಿಗೂ ಯಕ್ಷಗಾನದ ಚೆಂಡೆಗೆ ದನದ ತೊಗಲಿನ ಮುಚ್ಚಿಗೆ ಬೇಕು.

ಕಲ್ಲಿನ ಮೇಲೆ ದನ ಎಲ್ಲೆಲ್ಲೂ ಇದೆ. ದಾನಶಾಸನದ ನೆತ್ತಿಯಲ್ಲಿ ಹಸು-ಕರು, ವೀರಗಲ್ಲಿನಲ್ಲಿ ತುರುಗೋಳ್, ಕೊನೆಯಲ್ಲಿ ವಾರಣಾಸಿಯಲ್ಲಿ ಸಾವಿರ ಕವಿಲೆ ಕೊಂದ ಪಾಪದ ಶಾಪ. ಆದರೆ ಸತ್ತ ದನವನ್ನು ಹೊತ್ತು, ಸುಲಿದು, ಹದ ಮಾಡಿದವರು ಈ ಚಿತ್ರದಲ್ಲಿ ಇಲ್ಲ. ಅವರ ಹೆಸರು ಸಿಗುವುದು ವಚನಗಳಲ್ಲಿ. 12ನೇ ಶತಮಾನದ ಡೋಹರ ಕಕ್ಕಯ್ಯನ ಕಾಯಕ ತೊಗಲು ಹದ ಮಾಡುವುದು. ಅವನ ಸಮಾಧಿ ಖಾನಾಪುರ ತಾಲೂಕಿನ ಕಕ್ಕೇರಿಯಲ್ಲಿದೆ ಅಂತ ನಂಬಿಕೆ. ಮಾದಾರ ಚೆನ್ನಯ್ಯನಂತೂ ಉಳಿ, ಕತ್ತಿಗಳನ್ನು ತನ್ನ ಅಂಕಿತದೊಳಗೇ ಸೇರಿಸಿಕೊಂಡ.

ಮದುವೆಯ ಹೆಣ್ಣು ಕೂತ ತೊಗಲು ಪವಿತ್ರ, ಅದನ್ನು ಹದ ಮಾಡಿದ ಕೈ ಮುಟ್ಟಬಾರದ್ದು! ಈ ವಿಚಿತ್ರ ನಮ್ಮ ಮೂಲಗಳಲ್ಲೇ ಇದೆ, ಅದನ್ನು ಮುಚ್ಚಿಡುವ ಅಗತ್ಯ ಇಲ್ಲ. ಮುಂದೆ ಶಾಸನ ಪಡಿಯಚ್ಚು ತೆಗೆಯುವಾಗ ತೊವಲ್, ತಿದಿ, ಸಮಗಾರ ಇಂಥ ಒಂದು ಪದ ಸಿಕ್ಕರೂ ಬೇರೆಯಾಗಿ ಗುರುತು ಹಾಕಿಡಿ. ರಾಜರ ಪಟ್ಟಿ ಸಾಕಷ್ಟಿದೆ. ಈ ಪಟ್ಟಿ ಇನ್ನೂ ಶುರುವಾಗಬೇಕಿದೆ.