ಉಪ್ಪುಕೆರೆಯ ಕೆಸರಿನಲ್ಲಿ ಹರಪ್ಪದ ಮಳೆ

ಹರಪ್ಪ, ಮೊಹೆಂಜೊದಾರೊಗಳಂಥ ನಗರಗಳನ್ನು ಕಟ್ಟಿ ಬಾಳಿದ ಜನ ಸುಮಾರು ಕ್ರಿ.ಪೂ. 1900ರ ವೇಳೆಗೆ ಅವನ್ನು ತೊರೆಯತೊಡಗಿದ್ದೇಕೆ? ಅವರ ಲಿಪಿಯನ್ನು ಎಲ್ಲರೂ ಒಪ್ಪುವಂತೆ ಇನ್ನೂ ಯಾರೂ ಓದಿಲ್ಲ. ಮಳೆ ಕೈಕೊಟ್ಟಿತೆ ಎಂಬ ಅನುಮಾನಕ್ಕೆ ಸಾಕ್ಷಿ ದೊರೆತದ್ದು ನಗರಗಳ ಅವಶೇಷಗಳಲ್ಲಲ್ಲ, ರಾಜಸ್ಥಾನದ ಉಪ್ಪುನೀರಿನ ಸರೋವರಗಳ ಕೆಸರಿನಲ್ಲಿ. ಆ ಸಾಕ್ಷಿ ಹೂವಿನ ಪರಾಗ.

ಪರಾಗದ ಕಣ ಬರಿಗಣ್ಣಿಗೆ ಕಾಣದಷ್ಟು ಚಿಕ್ಕದು; ಆದರೆ ಅದರ ಹೊರಕವಚ ಬಲು ಗಟ್ಟಿ. ಗಾಳಿಯಲ್ಲಿ ತೇಲಿಬಂದ ಕಣ ಕೆರೆಯ ತಳದ ಕೆಸರಿನಲ್ಲಿ ಹೂತುಹೋದರೆ ಸಾವಿರಾರು ವರ್ಷ ಕೆಡದೆ ಉಳಿಯಬಲ್ಲದು. ಕವಚದ ಮೇಲಿನ ಮುಳ್ಳು, ರಂಧ್ರ, ಗೆರೆಗಳನ್ನು ನೋಡಿ ಅದು ಯಾವ ಸಸ್ಯದ್ದು, ಕನಿಷ್ಠ ಯಾವ ಕುಟುಂಬದ್ದು ಎಂದು ಗುರುತಿಸಬಹುದು. ಕೆಸರನ್ನು ಪದರಪದರವಾಗಿ ತೆಗೆದು, ಮಣ್ಣಿನಂಶವನ್ನು ಆಮ್ಲದಲ್ಲಿ ಕರಗಿಸಿ, ಉಳಿದ ಕಣಗಳನ್ನು ಸೂಕ್ಷ್ಮದರ್ಶಕದಡಿ ಎಣಿಸುತ್ತಾರೆ. ಹೀಗೆ ಎಣಿಸಿ ಒಂದು ನಾಡಿನ ಹಸಿರಿನ ಚರಿತ್ರೆ ಬರೆಯಬಹುದೆಂದು ಸ್ವೀಡನ್ನಿನ ಭೂವಿಜ್ಞಾನಿ ಲೆನ್ನಾರ್ಟ್ ಫಾನ್ ಪೋಸ್ಟ್ 1916ರಲ್ಲಿ ತೋರಿಸಿಕೊಟ್ಟರು.

ಭಾರತದಲ್ಲಿ ಈ ವಿಧಾನವನ್ನು ಸಾಂಭರ್, ಡಿಡ್ವಾನಾ, ಲೂಣಕರಣ್‌ಸರ್ ಸರೋವರಗಳಿಗೆ ಅನ್ವಯಿಸಿದವರು ಸಸ್ಯವಿಜ್ಞಾನಿ ಗುರ್‌ದೀಪ್ ಸಿಂಗ್. ಇಂದಿನ ಮರುಭೂಮಿಯಲ್ಲಿ ಒಮ್ಮೆ ಹೆಚ್ಚು ಮಳೆ ಬಯಸುವ ಸಸ್ಯಗಳಿದ್ದವೆಂದು ಪರಾಗ ತಿಳಿಸಿತು. ಕ್ರಿ.ಪೂ. 3000ದಿಂದ 1800ರವರೆಗೆ ಮಳೆ ಸಮೃದ್ಧವಾಗಿತ್ತು, ಅದರಿಂದಲೇ ನಗರಗಳು ಬೆಳೆದವು, ಮಳೆ ಕುಗ್ಗಿದಾಗ ಅವೂ ಕುಗ್ಗಿದವು ಎಂದು 1971ರಲ್ಲಿ ಅವರು ವಾದಿಸಿದರು.

ತೊಡಕಿದ್ದದ್ದು ಕಾಲಗಣನೆಯಲ್ಲಿ. ಇಂಗಾಲ-14 ವಿಧಾನ ಆಗ ಕೊಡುತ್ತಿದ್ದ ವರ್ಷಗಳಿಗೂ ಪಂಚಾಂಗದ ವರ್ಷಗಳಿಗೂ ನೂರಾರು ವರ್ಷಗಳ ಅಂತರವಿತ್ತು. ಅದನ್ನು ಸರಿಪಡಿಸಿದಾಗ ಮಳೆಗಾಲದ ಆ ಯುಗ ಹಿಂದಕ್ಕೆ ಸರಿಯಿತು. 1999ರಲ್ಲಿ ಯೆಹುದಾ ಎಂಜೆಲ್ ಮತ್ತು ಸಂಗಡಿಗರು ಲೂಣಕರಣ್‌ಸರದ ಕೆಸರನ್ನು ಮತ್ತೆ ಪರೀಕ್ಷಿಸಿದರು. ಆ ಸರೋವರ ಬತ್ತಿದ್ದು ಸುಮಾರು 5,500 ವರ್ಷಗಳ ಹಿಂದೆ ಎಂದು ತಿಳಿದುಬಂತು. ಮಹಾನಗರಗಳು ತಲೆಯೆತ್ತಿದ್ದಾದರೋ ಸುಮಾರು 4,600 ವರ್ಷಗಳ ಹಿಂದೆ. ಎಂದರೆ ಅವು ಬೆಳೆದದ್ದೇ ಮರುಭೂಮಿಯ ಮಳೆ ಕುಗ್ಗಿದ ಮೇಲೆ!

ಹಾಗೆಂದು ಮಳೆಗೂ ನಗರಗಳ ಅಳಿವಿಗೂ ಸಂಬಂಧವೇ ಇಲ್ಲವೆನ್ನುವಂತಿಲ್ಲ. ಹರಿಯಾಣದ ಕೋಟ್ಲಾ ದಾಹರ್ ಎಂಬ ಹಳೆಯ ಸರೋವರದಲ್ಲಿ ದೊರೆತ ಬಸವನಹುಳುವಿನ ಚಿಪ್ಪುಗಳ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಸುಮಾರು 4,100 ವರ್ಷಗಳ ಹಿಂದೆ ಅಲ್ಲಿ ಮುಂಗಾರು ಥಟ್ಟನೆ ದುರ್ಬಲವಾಯಿತೆಂದು ಅದು ಹೇಳುತ್ತದೆ. ನಗರಗಳು ಬರಿದಾಗುವುದಕ್ಕೆ ಇದು ತುಸು ಮುಂಚಿನ ಕಾಲ.

ಮುಂದೆ ಜನ ಅಳಿದುಹೋಗಲಿಲ್ಲ. ಪೂರ್ವದ ಕಡೆ ಸಣ್ಣ ಸಣ್ಣ ಹಳ್ಳಿಗಳು ಹೆಚ್ಚಿದವು. ನೆಲದಲ್ಲಿ ಏನು ಬೆಳೆದಿತ್ತೆಂದು ಪರಾಗ ಹೇಳಬಲ್ಲದು. ಬರ ಬಂದಾಗ ಜನ ಏನು ಮಾಡಿದರು ಎಂಬುದನ್ನು ಮಾತ್ರ ಆ ಹಳ್ಳಿಗಳ ಒಲೆ, ಕಣಜಗಳಲ್ಲೇ ಹುಡುಕಬೇಕಾಗಿದೆ.