ಶನಿವಾರ ಎಂದರೆ ಯಾವ ಶನಿವಾರ?

ಮನೆ ಎಲ್ಲಿ ಎಂದವರಿಗೆ ನಾವು ಪುಣೆಯವರು ‘ಶನಿವಾರ’ ಎಂದರೆ, ಊರಿನಿಂದ ಬಂದ ನೆಂಟರು ದಿನ ಎಣಿಸತೊಡಗುತ್ತಾರೆ. ಹಳೆಯ ಕಾಗದಪತ್ರಗಳಲ್ಲಿ ತೊಡಕು ಇನ್ನೂ ಹೆಚ್ಚು. ಈ ಶನಿವಾರ ಪೇಟೆ ಹಿಂದೆ ಮುರ್ತಜಾಬಾದ್; ಗುರುವಾರ ಪೇಟೆ, ವೇತಾಳ ಪೇಟೆ. ಎರಡು ಹೆಸರೂ ತಿಳಿಯದೆ ಪೂರ್ವಜರ ಮನೆ ಹುಡುಕಹೊರಟರೆ ನಾವು ಬರಿಗೈಲಿ ಮರಳಬೇಕಾದೀತು.

ನಮ್ಮ ಕಾಲದ ದಫ್ತರವಾದ ಗಣಕಯಂತ್ರದಲ್ಲೂ ಇದೇ ಪಾಡು. ಮಾಹಿತಿಯನ್ನು ಪರಸ್ಪರ ಸಂಬಂಧವುಳ್ಳ ಕೋಷ್ಟಕಗಳಲ್ಲಿಡುವ ಪದ್ಧತಿಯನ್ನು 1970ರಲ್ಲಿ ಮಂಡಿಸಿದ ಐ.ಬಿ.ಎಂ.ನ ಎಡ್ಗರ್ ಕಾಡ್, ಆ ಪ್ರಬಂಧದಲ್ಲೇ ಇದನ್ನು ಗಮನಿಸಿದ್ದರು: ಒಂದೇ ಬಗೆಯ ವಿವರ ಕೋಷ್ಟಕದಲ್ಲಿ ಎರಡು ಕಡೆ ಬಂದರೆ, ಅದರ ಪಾತ್ರವನ್ನು ಹೇಳುವ ಹೆಸರನ್ನೂ ಜೋಡಿಸಬೇಕು. ವರ್ತಕರ ಪಟ್ಟಿಯಲ್ಲಿ ಬರಿಯ ‘ಪೇಟೆ’ ಸಾಲದು. ‘ವಾಸದ ಪೇಟೆ’, ‘ಅಂಗಡಿಯ ಪೇಟೆ’ ಎಂದೇ ಬರೆಯಬೇಕು. ಸದಾಶಿವರಾವ್ ಭಾವೂ ಹೆಸರಿನ ಸದಾಶಿವ ಪೇಟೆಯವರಿಗೆ ವಾರದ ಕಾಟವಾದರೂ ಇಲ್ಲ!