ಒಲವಿಗೆ ಎರವಲು ದನಿ

ಜಪಾನಿನ ಮಾಂಗಾ ಚಿತ್ರಕಥೆಗಳಲ್ಲಿ ಹುಡುಗರ ನಡುವಿನ ಪ್ರೇಮವನ್ನು 1970ರ ದಶಕದಲ್ಲಿ ಬರೆದು ಬೆಳೆಸಿದವರು ಮಹಿಳೆಯರು. ಮೋತೊ ಹಾಗಿಯೊ 1974ರಲ್ಲಿ, ಕೇಕೊ ತಾಕೆಮಿಯಾ 1976ರಲ್ಲಿ ಇಂಥ ಧಾರಾವಾಹಿಗಳನ್ನು ಆರಂಭಿಸಿದರು. ಓದುಗರೂ ಹೆಚ್ಚಾಗಿ ಹುಡುಗಿಯರೇ. ಹೆಣ್ಣಿನ ಕಟ್ಟುಪಾಡು ಮೀರಿ ಪ್ರೇಮವನ್ನು ಹೇಳಲು ಗಂಡಿನ ವೇಷ ನೆರವಾಯಿತು.

ಇದರ ತಿರುವುಮುರುವು ನಮ್ಮಲ್ಲಿ ಹನ್ನೆರಡನೆಯ ಶತಮಾನದಲ್ಲೇ ನಡೆದಿತ್ತು. ನಿರ್ಣಾ ಇರುವ ಬೀದರ್ ಜಿಲ್ಲೆಯ ಬಸವಕಲ್ಯಾಣವೇ ಅಂದಿನ ಶರಣರ ಕಲ್ಯಾಣ. 'ಶರಣಸತಿ ಲಿಂಗಪತಿ' ಭಾವದ ಉರಿಲಿಂಗದೇವ, ಗಜೇಶ ಮಸಣಯ್ಯ ಮುಂತಾದ ವಚನಕಾರರು ಹೆಣ್ಣಾಗಿ ನಿಂತು ಲಿಂಗವೆಂಬ ನಲ್ಲನಿಗಾಗಿ ಹಂಬಲಿಸಿದರು. ಇದು ಭಕ್ತಿ, ಸಲಿಂಗಪ್ರೇಮವೆಂದು ಹಣೆಪಟ್ಟಿ ಹಚ್ಚುವುದು ಅವಸರವಾದೀತು. ಆದರೂ ಒಲವಿನ ದನಿ ದೇಹಕ್ಕೆ ಕಟ್ಟುಬಿದ್ದಿಲ್ಲವೆಂಬುದಕ್ಕೆ ಆ ವಚನಗಳೇ ಸಾಕ್ಷಿ.

ಗಂಡು ಗಂಡನ್ನು ಒಲಿಯುವ ಬದುಕು ವೇಷವಿಲ್ಲದೆ ಕನ್ನಡ ಕಥೆಯಾಗಿ ಬಂದದ್ದು 2013ರಲ್ಲಿ, ವಸುಧೇಂದ್ರರ 'ಮೋಹನಸ್ವಾಮಿ'ಯಲ್ಲಿ. ಅದು ಅಪರಾಧವಲ್ಲವೆಂದು ಸುಪ್ರೀಂ ಕೋರ್ಟು ಹೇಳಿದ್ದು 2018ರಲ್ಲಿ. ಕಾನೂನಿಗಿಂತ ಐದು ವರ್ಷ ಮೊದಲೇ ಕಥೆ ಬಾಯಿಬಿಟ್ಟಿತ್ತು.